ನಲವತ್ತರ ಪಟ್ಟಿಯಿಂದ ಹೊರಬೀಳುವ ಕುಲುಮೆ

ಸೂಚ್ಯಂಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬರುವ ಶುಕ್ರವಾರ ಸಂಜೆ ಷೇರುಪೇಟೆ ಬಾಗಿಲು ಹಾಕುವ ಹೊತ್ತಿಗೆ ನೀವು ನಮ್ಮ ಗಾಜಿನ ಕಾರ್ಖಾನೆಯನ್ನು ದೇಶದ ನಲವತ್ತು ದೊಡ್ಡ ಕಂಪನಿಗಳ ಪಟ್ಟಿಯಿಂದ ಕಿತ್ತುಹಾಕಲಿದ್ದೀರಿ. ನಿಮ್ಮ ಪ್ರಕಟಣೆಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು. ಒಳಗೆ ದುಡಿಯುವ ನಾವು ಅದನ್ನು ಕ್ಯಾಂಟೀನಿನ ಟಿ.ವಿ.ಯ ಕೆಳಗೆ ಓಡುವ ಅಕ್ಷರಗಳಲ್ಲಿ ಓದಿದೆವು. ಅದು ಓಡಿ ಮರೆಯಾಯಿತು. ತಟ್ಟೆ ಹಿಡಿದುಕೊಂಡೇ ನಿಂತು, ಮತ್ತೆ ಬರುತ್ತದೇನೋ ಎಂದು ಕಾದೆವು. ಬಂತು. ನಾವು ಓದಿದ್ದು ಸರಿಯಾಗಿಯೇ ಇತ್ತು.

ಈ ವ್ಯವಹಾರದಲ್ಲಿ ನಾನು ತೀರ ಏನೂ ತಿಳಿಯದವಳಲ್ಲ. ಹೋದ ವರ್ಷ ನಮ್ಮ ನಿವೃತ್ತಿ ನಿಧಿಯವರು ಒಬ್ಬ ತರಬೇತುದಾರರನ್ನು ಕಳಿಸಿದ್ದರು. ಒಳ್ಳೆಯ ಮನುಷ್ಯ, ಎಳೆ ಎಳೆಯಾಗಿ ಬಿಡಿಸಿ ಹೇಳಿದರು. "ಒಂದೇ ಕಂಪನಿ ನಂಬಿ ಕೂರ್ಬೇಡಿ. ಸೂಚ್ಯಂಕ ನಿಧೀಲಿ ಹಾಕಿದ್ರೆ ನಲವತ್ತೂ ಕಂಪನಿ ಷೇರು ಒಟ್ಟಿಗೆ ಕೊಂಡ ಹಾಗೆ. ಯಾವುದೋ ಒಂದು ಸೊರಗಿದ್ರೆ ಸಮಿತಿಯವರು ಅದನ್ನ ತೆಗೆದು, ಗಟ್ಟಿ ಇರೋದನ್ನ ಸೇರಿಸ್ತಾರೆ. ಏರತ್ತೆ, ಇಳಿಯತ್ತೆ, ಹೆದರಬೇಡಿ. ತಾಳಿದವರು ಬಾಳ್ತಾರೆ."

ನನ್ನ ಗಂಡ ಕೈ ಎತ್ತಿದ. "ತೆಗೆದಿದ್ದನ್ನ ಎಲ್ಲಿ ಹಾಕ್ತಾರೆ ಸಾರ್?"

ಎಲ್ಲರೂ ಘೊಳ್ಳೆಂದು ನಕ್ಕರು. ನಾನೂ ನಕ್ಕೆ. "ಅದು ನಮಗ್ಯಾಕೆ ತಲೆನೋವು ಬಿಡಿ" ಎಂದರು ತರಬೇತುದಾರರು. ಆಮೇಲೆ ಎಲ್ಲರೂ ಒಟ್ಟಿಗೆ ಕೈ ಎತ್ತಿ, ನಿವೃತ್ತಿ ನಿಧಿಯನ್ನು ಇಡಿಯಾಗಿ ನಿಮ್ಮ ಸೂಚ್ಯಂಕದ ಬೆನ್ನಿಗೆ ಕಟ್ಟಿದೆವು. ಏಕೆ ಗೊತ್ತೇ? ಆ ನಲವತ್ತರಲ್ಲಿ ನಮ್ಮ ಕಾರ್ಖಾನೆಯೂ ಇತ್ತು. ದುಡ್ಡು ಪರರ ಕೈಗೆ ಹೋಗುತ್ತಿಲ್ಲ, ನಮ್ಮ ಮನೆಯಲ್ಲೇ ಇರುತ್ತದೆ ಎಂದುಕೊಂಡೆವು. ಪಟ್ಟಿಯನ್ನು ಮನೆ ಎಂದು ತಿಳಿದ ಮೂರ್ಖರು ನಾವು.

ಮೊನ್ನೆ ನಿಧಿಯ ವ್ಯವಸ್ಥಾಪಕರಿಗೆ ಫೋನ್ ಮಾಡಿದೆ. "ಅಮ್ಮಾ, ಪಟ್ಟೀಲಿ ಇಲ್ಲದ್ದು ನಮ್ಮ ಹತ್ರ ಇರೋ ಹಾಗಿಲ್ಲ. ಶುಕ್ರವಾರ ನಿಮ್ಮ ಕಂಪನಿ ಷೇರು ಮಾರಲೇಬೇಕು" ಎಂದರು.

"ಅದು ನಮ್ಮ ದುಡ್ಡಲ್ವಾ ಸ್ವಾಮಿ?"

"ನಿಮ್ದೇ. ಅದಕ್ಕೇ ನಿಯಮ ತಪ್ಪೋ ಹಾಗಿಲ್ಲ."

ಬಿದ್ದವರಿಗೆ ಆಳಿಗೊಂದು ಕಲ್ಲು ಎನ್ನುತ್ತಾರೆ. ಶುಕ್ರವಾರ ನಿಮ್ಮ ಸೂಚ್ಯಂಕದ ಬಾಲ ಹಿಡಿದ ನಿಧಿಗಳೆಲ್ಲ ಒಂದೇ ಹೊತ್ತಿನಲ್ಲಿ ನಮ್ಮ ಷೇರು ಮಾರಿ ಬೆಲೆ ಕೆಡವುತ್ತವೆ. ಅವುಗಳ ನಡುವೆ ನಮ್ಮ ಕಲ್ಲೂ ಇರುತ್ತದೆ.

ಕಲ್ಲು ಎಲ್ಲಿ ಬೀಳುತ್ತದೆ ಎಂಬುದನ್ನೂ ಕೇಳಿ. ನನ್ನ ಗಂಡ ಕುಲುಮೆ ನೋಡಿಕೊಳ್ಳುವವನು. ಕಾರ್ಖಾನೆಯಲ್ಲಿ ಅವನಿಗೆ ಉರಿಯಣ್ಣ ಎಂದೇ ಹೆಸರು. ಗಾಜಿನ ಕುಲುಮೆಯನ್ನು ಒಲೆಯ ಹಾಗೆ ಬೇಕೆಂದಾಗ ಹಚ್ಚಿ, ಬೇಡವೆಂದಾಗ ಆರಿಸಲಾಗದು. ಆರಿದರೆ ಒಳಗಿನ ಗಾಜು ಕಲ್ಲಾಗಿ ಕೂರುತ್ತದೆ, ಇಟ್ಟಿಗೆ ಸೀಳುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮ ಕುಲುಮೆಯ ಗೋಡೆ ಸವೆದಿದೆ. ಉರಿಯುತ್ತಿರುವಾಗಲೇ ದುರಸ್ತಿ ಮಾಡಬೇಕು. ಅದಕ್ಕೆ ಬ್ಯಾಂಕಿನ ಸಾಲ ಬೇಕು. ಬ್ಯಾಂಕಿನವರು ಶುಕ್ರವಾರದ ನಂತರ ಷೇರಿನ ಬೆಲೆ ನೋಡಿ ಹೇಳುತ್ತೇವೆ ಎಂದಿದ್ದಾರೆ. ಸಾಲ ಸಿಗದಿದ್ದರೆ ಉರಿ ಆರಿಸುವ ಕೆಲಸ ನನ್ನ ಗಂಡನದೇ.

ಗೇಟಿನೆದುರಿನ ಕ್ಷೌರದಂಗಡಿಯವನು ಇನ್ನು ಅಷ್ಟು ಗಿರಾಕಿ ಬರುವುದಿಲ್ಲವೆಂದು ಎರಡನೆಯ ಕುರ್ಚಿಗೆ ಆಗಲೇ ಬಟ್ಟೆ ಹೊದಿಸಿದ್ದಾನೆ. ನಮ್ಮ ಬಾಡಿಗೆ ಮನೆಯ ಒಡತಿ ದಿನವೂ ಎದುರಾದಾಗ ಆರೋಗ್ಯ ವಿಚಾರಿಸುತ್ತಾಳೆ, ಹಿಂದೆಂದೂ ವಿಚಾರಿಸಿದವಳಲ್ಲ. ನಿನ್ನೆ ನನ್ನ ಗಂಡ ಕೆಲಸದಿಂದ ಬಂದವನೇ ಶೂ ಕೂಡ ಬಿಚ್ಚದೆ ಕೂತ. "ಗೋಡೆ ಬೇರೆ ಥರ ಸದ್ದು ಮಾಡ್ತಿದೆ ಕಣೇ. ಅದಕ್ಕೂ ಗೊತ್ತಾದ ಹಾಗಿದೆ" ಎಂದ. ನನಗೆ ಹೆದರಿಕೆಯಾಯಿತು. ಕುಲುಮೆಗೆ ಕಿವಿ ಇಲ್ಲ ಎನ್ನಲು ಹೋಗದೆ, ಬಗ್ಗಿ ಅವನ ಶೂ ಬಿಚ್ಚಿದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನೀವು ನಗಬಹುದು. ನಗಿ. ಪ್ಲಾಸ್ಟಿಕ್ ಬಂದು ಗಾಜನ್ನು ತಳ್ಳಿದ್ದು ನಿಜ, ನಮ್ಮ ಮಾಲೀಕರು ಗೊರಕೆ ಹೊಡೆದದ್ದೂ ನಿಜ. ಅದಕ್ಕೆಲ್ಲ ನಿಮ್ಮನ್ನು ಹೊಣೆ ಮಾಡುತ್ತಿಲ್ಲ. ಆದರೆ ನಿಮ್ಮ ಸೂಚ್ಯಂಕದ ನಕ್ಷೆಯಲ್ಲಿ ಗೆರೆ ಸದಾ ಮೇಲಕ್ಕೇ ಹೋಗುತ್ತದಲ್ಲ, ಬಿದ್ದವರನ್ನು ಅದರಿಂದ ಒರೆಸಿದ್ದರಿಂದಲೂ ಅಲ್ಲವೇ ಅದು ಅಷ್ಟು ಚೆಂದ ಕಾಣುವುದು? ಒರೆಸಿದ ಮೇಲೆ ಅವರ ಊರಿನ ಕಡೆ ನಿಮ್ಮಲ್ಲಿ ಯಾರಾದರೂ ಒಮ್ಮೆ ತಲೆ ಹಾಕಿದ್ದುಂಟೇ?

ನಾನೂ ನಿಮ್ಮ ಹಾಗೆ ಆರಿಸುವವಳೇ. ಬೆಳಕಿನ ಪರದೆಯ ಮುಂದೆ ಕೂತು ಬಿರುಕು ಬಿಟ್ಟ ಬಾಟಲಿಗಳನ್ನು ಹೆಕ್ಕಿ ಎಸೆಯುತ್ತೇನೆ. ಎಸೆದದ್ದು ಪುಡಿಯಾಗಿ ಮತ್ತೆ ಕುಲುಮೆಗೆ ಹೋಗುತ್ತದೆ, ಮತ್ತೆ ಬಾಟಲಿಯಾಗಿ ನನ್ನ ಮುಂದೆಯೇ ಬರುತ್ತದೆ. ನೀವು ಎಸೆದದ್ದು ಎಲ್ಲಿಗೆ ಹೋಗುತ್ತದೆ? ಅಂದು ನನ್ನ ಗಂಡ ಕೇಳಿದ್ದೂ ಇದನ್ನೇ. ನಾವು ನಕ್ಕಿದ್ದೆವು.

ನನ್ನ ಬೇಡಿಕೆ ಒಂದೇ. ನಮ್ಮನ್ನು ತೆಗೆಯುವುದನ್ನು ನಿಮ್ಮ ಮುಂದಿನ ಪರಿಶೀಲನೆಯವರೆಗೆ ಮುಂದಕ್ಕೆ ಹಾಕಿ. ಅಷ್ಟರಲ್ಲಿ ಸಾಲ ಸಿಕ್ಕಿ ಗೋಡೆಯ ಕೆಲಸ ಮುಗಿಯುತ್ತದೆ. ಆಮೇಲೆ ಬೇಕಾದರೆ ತೆಗೆಯಿರಿ, ಉರಿಯುವ ಕುಲುಮೆಗೆ ನಿಮ್ಮ ಪಟ್ಟಿಯ ಹಂಗಿಲ್ಲ. ಅದೂ ಆಗದೆಂದರೆ ಉರಿ ಆರಿಸುವ ದಿನ ಬಂದು ನನ್ನ ಗಂಡನ ಪಕ್ಕದಲ್ಲಿ ನಿಂತುಕೊಳ್ಳಿ. ಒಬ್ಬನೇ ಮಾಡುವ ಕೆಲಸವಲ್ಲ ಅದು.

ಇನ್ನೊಂದು ಮಾತು. ನಮ್ಮ ಜಾಗಕ್ಕೆ ನೀವು ಆರಿಸಿರುವುದು ಪ್ಲಾಸ್ಟಿಕ್ ಬಾಟಲಿಯ ಕಂಪನಿಯನ್ನು. ಅದೇ ಶುಕ್ರವಾರ ನಮ್ಮ ನಿವೃತ್ತಿ ನಿಧಿ ಅದರ ಷೇರು ಕೊಳ್ಳುತ್ತದೆ. ನಿನ್ನೆ ಊಟಕ್ಕೆ ಕೂತಾಗ ನನ್ನ ಗಂಡ ಕೇಳಿದ: "ಕುಲುಮೆ ಆರಿದ್ರೆ ನಮ್ಮ ನಿಧಿ ಬೆಳಿಯತ್ತಾ?" ಬೆಳೆಯಬಹುದು ಎಂದೆ. ಅವನು ತಟ್ಟೆ ಸರಿಸಿ ಎದ್ದು ಹೋದ.

ಇಂತಿ,
ಶುಕ್ರವಾರ ಮಾರುವವರಲ್ಲೂ ಕೊಳ್ಳುವವರಲ್ಲೂ ಒಬ್ಬಳಾದ,
ಉರಿಯಣ್ಣನ ಹೆಂಡತಿ