ನನ್ನದೇ ಪಗಾರದ ಮೇಲೆ ಬಡ್ಡಿ

೩ ಜೂನ್, ಮಂಗಳವಾರ

ಇವತ್ತೂ ಪಗಾರ ಇಲ್ಲ. ಬೆಳಗಿನಿಂದ ಇಲ್ಲಿ ಬೀದರಿನ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆದದ್ದೇ ತೆಗೆದದ್ದು, ಅಳುವ ಮಕ್ಕಳು, ಬೈಯುವ ಮುದುಕರು. ಆಸ್ಪತ್ರೆಯಿಂದ ದುಡ್ಡು ಇನ್ನೂ ಬಂದಿಲ್ಲ ಎನ್ನುತ್ತದೆ ನಮ್ಮನ್ನು ಗುತ್ತಿಗೆ ಮೇಲೆ ಇಟ್ಟ ಏಜೆನ್ಸಿ. ಸೂಪರ್‌ವೈಸರ್ ಅಶೋಕಕುಮಾರ ಸ್ಟಾಫ್ ಗ್ರೂಪಿಗೆ ಒಂದು ಆ್ಯಪಿನ ಲಿಂಕ್ ಹಾಕಿದ್ದಾನೆ. ‘ಬಡ್ಡಿ ಸಾಲದ ಜಂಜಾಟ ಬಿಡಿ. ಇದು ಸಾಲವಲ್ಲ, ನಿಮ್ಮ ಸಂಬಳದ ಮುಂಗಡ.’ ಕೆಳಗೆ ಅವನದೇ ರೆಫರಲ್ ಕೋಡ್.

ತಂಗಿ ಸಪನಾಳ ಸಾಖರಪುಡಾ ೨೨ಕ್ಕೆ. ಗಂಡಿನ ಕಡೆಯ ಭಾಲ್ಕಿಯವರು ನಮ್ಮೂರು ಎಕಂಬಾಕ್ಕೆ ಬರುತ್ತಾರೆ, ಸಕ್ಕರೆ ಪುಡಿಕೆ ಕೊಟ್ಟು ಮಾತು ಪಕ್ಕಾ ಮಾಡುತ್ತಾರೆ. ಊಟ, ಸೀರೆ ನಮ್ಮದು. ಆ ಲಿಂಕ್ ಒತ್ತಿಬಿಟ್ಟೆ. ಎಂಟು ಸಾವಿರ ಎಂದು ತೋರಿಸಿ ಆರು ಸಾವಿರ ಹಾಕಿದರು. ಉಳಿದದ್ದು ‘ಪ್ರೊಸೆಸಿಂಗ್’ ಅಂತೆ. ವಾರದಲ್ಲಿ ಎಂಟೂ ಕಟ್ಟಬೇಕು. ಒಂದೇ ವಾರ ತಾನೆ, ಅಷ್ಟರಲ್ಲಿ ಪಗಾರ ಬರುತ್ತದೆ.

೧೧ ಜೂನ್

ಪಗಾರ ಇಲ್ಲ. ಆ್ಯಪಿನವರ ಫೋನು ಮಾತ್ರ ತಪ್ಪದೆ ಬರುತ್ತಿದೆ. ಬೆಳಗ್ಗೆ ‘ಮೇಡಂ’ ಅಂದವನು ಸಂಜೆಗೆ ಏಕವಚನ... ಇದ್ದಾಗ ಅಪ್ಪ ಕೂಡ ನನಗೆ ಹಾಗೆ ಬೈದಿರಲಿಲ್ಲ.

೧೩ ಜೂನ್, ಮಧ್ಯಾಹ್ನ

ಆ್ಯಪಿಗೆ ಕೊಟ್ಟಿದ್ದ ನನ್ನ ಸೆಲ್ಫಿಯ ಮೇಲೆ ಕೆಂಪಕ್ಷರದಲ್ಲಿ ‘ಚೋರ್’ ಎಂದು ಬರೆದು ಕಳಿಸಿದ್ದಾರೆ. ಯಾರಿಗೆ? ಕಾಂತಾಬಾಯಿಗೆ. ಸಪನಾಳ ಅತ್ತೆ ಆಗುವವರಿಗೆ!

ಆ್ಯಪು ಕಾಂಟ್ಯಾಕ್ಟ್ಸ್ ಕೇಳಿದಾಗ ‘ಓಕೆ’ ಒತ್ತಿದ್ದು ನಾನೇ. ನಮ್ಮಲ್ಲಿ ಬರೀ ಹೆಸರು ಹಾಕಿದರೆ ಯಾವ ಕಾಂತಾಬಾಯಿ ಎಂದು ಗೊತ್ತಾಗುವುದಿಲ್ಲ. ಊರು, ಸಂಬಂಧ ಎರಡೂ ಸೇರಿಸಿಯೇ ಸೇವ್ ಮಾಡುತ್ತೇವೆ. ‘ಸಪನಾ ಅತ್ತೆ ಭಾಲ್ಕಿ’. ಎಲ್ಲಿ ಹೊಡೆದರೆ ನೋಯುತ್ತದೆ ಎಂದು ನಾನೇ ಅವರ ಕೈಗೆ ಬರೆದು ಕೊಟ್ಟಂತಾಯಿತು. ದರಿದ್ರದವರು.

೧೫ ಜೂನ್, ಭಾನುವಾರ

ಭಾಲ್ಕಿಗೆ ಹೋಗಿದ್ದೆ. ಕಾಂತಾಬಾಯಿ ಕೂರು ಎಂದರು, ಚಹಾನೂ ಕೊಟ್ಟರು. ಆಮೇಲೆ ಫೋನು ತೆಗೆದು ನನ್ನ ಮೋತಿಯ ಆ ‘ಚೋರ್’ ಫೋಟೋ ನನಗೇ ತೋರಿಸಿದರು.

“ಸಾಲ ಯಾರ್ ಮಾಡಂಗಿಲ್ಲ ಆಮ್ರಪಾಲಿ? ನಾವೂ ಮಾಡೇವಿ. ಖರೆ ಇದು ನಮ್ಮ ಭಾವನ ಮಕ್ಕಳ ಫೋನಿಗೂ ಬಂದದ. ನಾಕ್ ಮಂದ್ಯಾಗ ನಾ ಏನ್ ಹೇಳ್ಲಿ?”

“ಪಗಾರ ಬಂದ್ ಕೂಡ್ಲೇ ತೀರಸ್ತೇನ್ರಿ.”

“ಪಗಾರ ಯಾವಾಗ ಬರ್ತದ?”

ಚಹಾದ ಕಪ್ಪು ಕೆಳಗಿಟ್ಟೆ. ನೋಡೋಣ, ಮನೆಯವರನ್ನು ಕೇಳಿ ಹೇಳುತ್ತೇವೆ ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ನಾಚಿಕೆಗಲ್ಲ, ಸಿಟ್ಟಿಗೆ.

೧೮ ಜೂನ್, ರಾತ್ರಿ

ಬರೆಯಲು ಪೆನ್ನು ಹಿಡಿದರೆ ಕಾಗದ ಹರಿಯುತ್ತಿದೆ.

ಎಕ್ಸ್‌ರೇ ತೆಗೆಯುವ ಗೆಳತಿ ಮಹಮೂದಾ ಬೇಗಂ ತನ್ನ ರೂಮಿಗೆ ಕರೆದು ಬಾಗಿಲು ಹಾಕಿದಳು. ಅವಳ ತಮ್ಮ ಯೂಸುಫ ಆಸ್ಪತ್ರೆಯ ಅಕೌಂಟ್ಸ್‌ನಲ್ಲಿದ್ದಾನೆ.

“ನಮ್ ಪಗಾರ ಎರಡನೇ ತಾರೀಖಿಗೇ ಏಜೆನ್ಸಿಗೆ ಹೋಗ್ಯದ. ಯೂಸುಫ ಕಣ್ಣಾರೆ ನೋಡ್ಯಾನ. ಆ ಆ್ಯಪ್ ಯಾರ್ದು ಗೊತ್ತೇನು? ಏಜೆನ್ಸಿ ಸೇಠನ ಅಳಿಯಂದು. ಅಶೋಕಕುಮಾರಗ ತಲಿಗಿಷ್ಟು ಅಂತ ಕಮಿಷನ್.”

ನನ್ನ ದುಡ್ಡು ಅವರ ಬಳಿ. ಅದನ್ನೇ ನನಗೆ ಬಡ್ಡಿಗೆ ಕೊಟ್ಟು, ನನ್ನನ್ನೇ ಕಳ್ಳಿ ಮಾಡಿ...

ನೇರ ಅಶೋಕಕುಮಾರನ ಟೇಬಲ್ಲಿಗೆ ಹೋದೆ. ಹಲ್ಲು ಕಿಸಿದ.

“ಟೆನ್ಶನ್ ಯಾಕ ತೊಗೋತೀರಿ ಮೇಡಂ? ಇನ್ನೊಂದು ಮುಂಗಡ ತೊಗೋರಿ, ಮೊದಲಿಂದು ತೀರಸ್ರಿ. ನಾ ಮಾಡಿ ಕೊಡ್ತೇನಿ.”

ಕಪಾಳಕ್ಕೆ ಬಾರಿಸಬೇಕಿತ್ತು. ಬಾರಿಸಲಿಲ್ಲ ಎಂಬುದೇ ಈಗ ಉರಿಯುತ್ತಿದೆ.

೨೦ ಜೂನ್

ಬೆಳಗ್ಗೆ ಆ ‘ಚೋರ್’ ಫೋಟೋ ನಾನೇ ಸ್ಟಾಫ್ ಗ್ರೂಪಿಗೆ ಹಾಕಿದೆ. ಕೆಳಗೆ ಬರೆದೆ: ‘ಪಗಾರ ಎರಡನೇ ತಾರೀಖಿಗೇ ಏಜೆನ್ಸಿಗೆ ಬಂದಿದೆ. ಕಳ್ಳರು ಯಾರು?’

ಆಮೇಲೆ ಮಹಮೂದಾಳ ಫೋಟೋ ಬಂತು. ಅವಳ ಹಣೆಯ ಮೇಲೂ ಅದೇ ಕೆಂಪಕ್ಷರ. ನನಗೆ ಒಂದು ಮಾತೂ ಹೇಳಿರಲಿಲ್ಲ! ಸೆಕ್ಯುರಿಟಿಯ ಪಂಢರಿ ಕಾಕಾನದು ಬಂತು. ಡ್ರೈವರ್ ಅಜರನದು. ಸ್ವೀಪರ್ ಹೆಣ್ಣುಮಕ್ಕಳವು ಒಂದಾದ ಮೇಲೊಂದು. ಇಷ್ಟು ದಿನ ಒಂದೇ ಕ್ಯಾಂಟೀನಿನಲ್ಲಿ ಉಂಡು, ಎಲ್ಲರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ತಿರುಗುತ್ತಿದ್ದೆವು.

ಅಶೋಕಕುಮಾರ ನನ್ನನ್ನು ಗ್ರೂಪಿನಿಂದ ತೆಗೆದ. ಮಹಮೂದಾ ಹೊಸ ಗ್ರೂಪ್ ಮಾಡಿದಳು. ಅದರಲ್ಲೇ ಎಲ್ಲರೂ ಒಪ್ಪಿದೆವು: ನಾಳೆ ಎಮರ್ಜೆನ್ಸಿಯವರನ್ನು ಬಿಟ್ಟು ಯಾರೂ ಒಳಗೆ ಹೋಗುವುದಿಲ್ಲ. ಪಗಾರ ಬರುವವರೆಗೆ ಗೇಟಿನಲ್ಲೇ ಕೂರುತ್ತೇವೆ.

ಸಂಜೆ ಸಪನಾಳ ಫೋನು. ಭಾಲ್ಕಿಯವರು ಸಂಬಂಧ ಬೇಡ ಎಂದರಂತೆ. ಹುಡುಗ ಕೈಲಾಶ ತಾಯಿಗೆ ಎದುರು ಆಡಲಿಲ್ಲವಂತೆ. ನನಗೆ ಅಳು ಬಂತು. ಅವಳೇ ಹೇಳಿದಳು:

“ಅಕ್ಕಾ, ಅಳಬ್ಯಾಡ. ಎದಿ ಗಟ್ಟಿಲ್ಲದವನ ಮನಿಗಿ ಹೋಗಿ ನಾ ಏನ್ ಮಾಡ್ಲಿ? ಮುಂಜಾನಿ ಬಸ್ಸಿಗೆ ಬರ್ತೇನಿ. ಗೇಟಿನ ಮುಂದ ನಿನ್ ಬಾಜೂಕ ನಾನೂ ಕೂಡ್ತೇನಿ.”

೨೧ ಜೂನ್, ಬೆಳಗ್ಗೆ, ಬೀದರ ಬಸ್ ಸ್ಟ್ಯಾಂಡ್

ನಿದ್ದೆ ಇಲ್ಲ. ಮಹಮೂದಾ ಆಗಲೇ ಗೇಟಿನಲ್ಲಿದ್ದಾಳಂತೆ. ಕೆಲಸದಿಂದ ತೆಗೆಯುತ್ತೇವೆ ಎಂದು ಏಜೆನ್ಸಿ ಮೆಸೇಜ್ ಕಳಿಸಿದೆ. ತೆಗೆಯಲಿ. ಮೊದಲು ನನ್ನ ಪಗಾರ ಕೊಟ್ಟು ತೆಗೆಯಲಿ.

ನಮ್ಮೂರ ಕಡೆಯಿಂದ ಬರುವ ಔರಾದ ಬಸ್ಸು ಬಂತು. ಕಿಟಕಿಯಲ್ಲಿ ಸಪನಾ. ಸಾಖರಪುಡಾಕ್ಕೆ ತಂದ ಸೀರೆಯನ್ನೇ ಉಟ್ಟುಕೊಂಡು ಬಂದಿದ್ದಾಳೆ ಹುಚ್ಚಿ, ಕೈ ಎತ್ತಿ ಏನೋ ಕೂಗುತ್ತಿದ್ದಾಳೆ. ಡೈರಿ ಮುಚ್ಚುತ್ತೇನೆ, ಇನ್ನು ಇಬ್ಬರೂ ಗೇಟಿಗೆ.