ಮೊಟ್ಟೆಯಿಲ್ಲದ ಕೇಕು

ರಾಜಾಜಿನಗರ,
12-11-1957, ಮಂಗಳವಾರ

ಬಸವರಾಜೇಶ್ವರಿಗೆ ಯಶೋದೆ ಮಾಡುವ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ. ಹದಿನಾಲ್ಕು ತಿಂಗಳ ಮೇಲೆ ನಿನ್ನ ಕಾರ್ಡು ಬಂತು. ಅಕ್ಷರ ಕಂಡ ಕೂಡಲೇ ಒಲೆಯ ಮೇಲಿದ್ದುದನ್ನು ಇಳಿಸಿ ಕೂತೆ. ಓದಿದರೆ ಎಂಟೇ ಸಾಲು. ಅತ್ತೆ ಹಾಸಿಗೆ ಹಿಡಿದು ಎರಡು ತಿಂಗಳಾಯಿತು, ನೀನು ಸ್ಕೂಲಿಗೆ ರಜ ಹಾಕಿ ನೋಡಿಕೊಳ್ಳುತ್ತಿದ್ದೀಯ, ಗಂಜಿಯನ್ನೂ ಒಲ್ಲೆ ಎನ್ನುತ್ತಾರೆ, ಬಾಯಿಗೆ ಏನು ಬೇಕೋ ಅದನ್ನು ಕೊಡಿ ಎಂದು ಡಾಕ್ಟರು ಹೇಳಿದ್ದಾರೆ, ಅವರು ಕೇಳುವುದು ಯಶೋದೆಯ ಕೇಕು, ಮೊಟ್ಟೆಯಿಲ್ಲದೆ ಮಾಡುವ ಬಗೆ ಇದ್ದರೆ ಬರೆದು ಕಳಿಸು. ಅಷ್ಟೇ. ನೀನು ಹೇಗಿದ್ದೀಯ ಎಂಬ ಒಂದು ಮಾತಿಲ್ಲ. ಕಾರ್ಡಿನ ಕೆಳಗೆ ಎರಡು ಬೆರಳು ಜಾಗ ಖಾಲಿ ಇತ್ತು ಕಣೇ! ನಾನು ನೋಡಿದೆ.

ಹೋಗಲಿ, ಜಗಳಕ್ಕೆ ಕೂತಿಲ್ಲ. ಮೊದಲು ಕೇಕು.

ಮಕ್ಕಳಿಗೆ ಲೆಕ್ಕ ಕಲಿಸುವ ಮೇಡಂ ನೀನು. ಆದರೆ ಉಪ್ಪಿಟ್ಟಿಗೆ ಗಂಟು ಬಾರದ ಹಾಗೆ ರವೆ ಸುರಿಯಲು ಇವತ್ತಿಗೂ ನಿನಗೆ ಬರುವುದಿಲ್ಲ. ಆದ್ದರಿಂದ ಒಂದನೇ ತರಗತಿಗೆ ಹೇಳಿದ ಹಾಗೆ ಹೇಳುತ್ತೇನೆ, ಮುಖ ಊದಿಸಿಕೊಳ್ಳಬೇಡ.

ಎರಡು ಪಾವು ಮೈದಾ, ಒಂದು ಪಾವು ಕುಟ್ಟಿ ಪುಡಿ ಮಾಡಿದ ಸಕ್ಕರೆ, ಅರ್ಧ ಪಾವು ಬೆಣ್ಣೆ, ಒಂದು ಪಾವು ಹುಳಿಯಿಲ್ಲದ ಗಟ್ಟಿ ಮೊಸರು. ಟೀ ಚಮಚದಲ್ಲಿ ಒಂದು ಚಮಚ ಬೇಕಿಂಗ್ ಪೌಡರು, ಅರ್ಧ ಚಮಚ ಅಡಿಗೆ ಸೋಡ. ಪೌಡರು ಕೆಂಗೇರಿಯಲ್ಲಿ ಸಿಗಲಿಕ್ಕಿಲ್ಲ, ಪೇಟೆಗೆ ಬಂದವರ ಕೈಲಿ ತರಿಸು. ಅದನ್ನು ಮೈದಾಕ್ಕೆ ಸೇರಿಸಿ ಮೂರು ಸಲ ಜರಡಿ ಹಿಡಿ. ಮೂರು ಅಂದರೆ ಮೂರು. ಎರಡೇ ಸಾಕಲ್ಲ ಎಂದು ನಿನಗೆ ಅನ್ನಿಸುತ್ತದೆ, ನಿನ್ನನ್ನು ನಾನು ಕಾಣೆನೇ? ಬೆಣ್ಣೆ ಸಕ್ಕರೆ ಎರಡನ್ನೂ ಬೆಳ್ಳಗೆ ಹಗುರಾಗುವ ತನಕ ಅಂಗೈಯಲ್ಲಿ ತಿಕ್ಕು. ಮೊಸರಿಗೆ ಸೋಡ ಹಾಕಿ ಐದು ನಿಮಿಷ ಬಿಟ್ಟರೆ ನೊರೆಯೆದ್ದು ಉಬ್ಬುತ್ತದೆ. ಅದನ್ನು ಬೆಣ್ಣೆಗೆ ಸುರಿದು, ಮೈದಾವನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಿ ಮೆಲ್ಲಗೆ ಕಲಸು. ರೊಟ್ಟಿ ಹಿಟ್ಟು ನಾದುವ ಹಾಗೆ ನಾದಿದೆಯೋ, ಕೆಟ್ಟಿತು. ತೀರ ಗಟ್ಟಿ ಅನ್ನಿಸಿದರೆ ಎರಡು ಚಮಚ ಹಾಲು ಹಾಕು. ಎರಡು ಏಲಕ್ಕಿ ಪುಡಿ ಮಾಡಿ ಹಾಕಿದರೆ ಸೋಡದ ವಾಸನೆ ಹೊಡೆಯುವುದಿಲ್ಲ.

ಒಲೆಗೆ ಹೆದರಬೇಡ. ದೊಡ್ಡ ಪಾತ್ರೆಯಲ್ಲಿ ಎರಡು ಬೆರಳು ಎತ್ತರ ಮರಳು ಹಾಸಿ ಇದ್ದಲ ಒಲೆಯ ಮೇಲೆ ಕಾಯಲು ಇಡು. ಮರಳಿಗೆ ನೀನು ಅಲೆಯಬೇಕಾಗಿಲ್ಲ, ನಿಮ್ಮೂರ ವೃಷಭಾವತಿ ಹೊಳೆಯದೇ ಆಗುತ್ತದೆ, ತೊಳೆದು ಒಣಗಿಸು. ಅಲ್ಯೂಮಿನಿಯಂ ಡಬರಿಗೆ ಬೆಣ್ಣೆ ಸವರಿ ಹಿಟ್ಟು ಹಾಕಿ ಕಾದ ಮರಳಿನ ಮೇಲಿಟ್ಟು, ಪಾತ್ರೆಗೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ನಾಲ್ಕು ಕೆಂಡ ಹರಡು. ಆಮೇಲೆ ಮುಕ್ಕಾಲು ಗಂಟೆ ಅದರ ತಂಟೆಗೆ ಹೋಗಬೇಡ. ಹೊಸಬರು ಕೆಡಿಸುವುದೇ ಇಲ್ಲಿ, ಬೆಂದಿತೋ ಇಲ್ಲವೋ ಎಂದು ಇಣುಕಿ ಇಣುಕಿ ನಡುವೆ ಗುಳಿ ಬೀಳಿಸುತ್ತಾರೆ. ಕೊನೆಗೆ ತೊಳೆದ ಪೊರಕೆಕಡ್ಡಿ ಚುಚ್ಚಿ ನೋಡು. ಹಿಟ್ಟು ಅಂಟದಿದ್ದರೆ ಆಯಿತು.

ಆ ಮುಕ್ಕಾಲು ಗಂಟೆ ನನಗೂ ನಿಮ್ಮತ್ತೆಗೂ ಒಳ್ಳೆಯ ಹೊತ್ತಾಗಿತ್ತು. ನೀನು ಸ್ಕೂಲಿಗೆ, ನಿನ್ನ ಯಜಮಾನರು ಕಚೇರಿಗೆ, ನಮ್ಮವರು ಕಾರ್ಖಾನೆಗೆ. ಇತ್ತ ಅವರೊಬ್ಬರೇ, ಅತ್ತ ನಾನೊಬ್ಬಳೇ, ನಡುವೆ ಒಂದು ಗೋಡೆ. ಆಗಿನ್ನೂ ನಮ್ಮ ಬೀದಿಯಲ್ಲಿ ಆರೇ ಮನೆ, ಉಳಿದದ್ದೆಲ್ಲ ಕಲ್ಲು ನೆಟ್ಟ ಬಯಲು. ಮಧ್ಯಾಹ್ನವಾದರೆ ಅವರು ಕೋಲೂರಿಕೊಂಡು ಬಂದು, "ಯಶೋದಾ, ಒಲೆ ಹಚ್ಚಿದ್ಯೇನೇ?" ಎನ್ನುತ್ತಿದ್ದರು. ಸೊಸೆಯ ಮೇಲೆ ಒಂದು ದಿನವೂ ಚಾಡಿ ಹೇಳಲಿಲ್ಲ. ಉಪ್ಪಿಟ್ಟಿನ ವಿಷಯ ಮಾತ್ರ ಅವರೇ ಹೇಳಿದ್ದು.

ಆವತ್ತಿನ ಮಾತು ಬರೆಯದೆ ಬಿಟ್ಟರೆ ಈ ಪತ್ರ ಬರೆದೂ ಸುಖವಿಲ್ಲ. ನಿನ್ನ ಯಜಮಾನರು ಸಿದ್ದಬಸಪ್ಪನವರು ಕಚೇರಿಯಿಂದ ಬೇಗ ಬಂದು, ತಾಯಿಯನ್ನು ಹುಡುಕಿಕೊಂಡು ನಮ್ಮ ಹಿತ್ತಿಲಿಗೆ ಬಂದರು. ಮೊರದಲ್ಲಿದ್ದ ಮೊಟ್ಟೆಯ ಸಿಪ್ಪೆ ನೋಡಿದರು, ತಾಯಿಯ ತುಟಿಯ ಮೇಲಿನ ಪುಡಿಯನ್ನೂ ನೋಡಿದರು. "ಲಿಂಗ ಕಟ್ಟಿರೋ ಮುದುಕಿ ಬಾಯಿಗೆ ಮೊಟ್ಟೆ ಹಾಕಿದ್ರಲ್ರೀ, ನೀವು ಮನುಷ್ಯರಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ನಿಮ್ಮತ್ತೆ ಎದೆ ಬಡಿದುಕೊಂಡು, "ನಂಗೆ ಗೊತ್ತಿರ್ಲಿಲ್ಲ ಕಣಪ್ಪಾ, ಇವಳು ನನ್ನ ಜಾತಿ ಕೆಡಿಸಿಬಿಟ್ಲು" ಎಂದು ಅತ್ತರು. ಸಂಜೆ ನೀನು ಬಂದು ನನ್ನನ್ನು ಒಂದೇ ಮಾತು ಕೇಳಿದೆ, ನಿಜವೇನೇ ಎಂದು. ನಾನು ಹೌದು ಎಂದೆ. ತಿಂಗಳೊಳಗೆ ನೀವು ಮನೆ ಖಾಲಿ ಮಾಡಿ ಕೆಂಗೇರಿಗೆ ಹೋದಿರಿ.

ಇವತ್ತೂ ಅದನ್ನೇ ಬರೆಯುತ್ತೇನೆ. ಹೇಳದೆ ತಿನ್ನಿಸಿದ್ದು ನನ್ನ ತಪ್ಪು. ಮನೆಯವರೆಲ್ಲ ಕ್ಷಮಿಸಬೇಕು.

ಆಮೇಲಿನದು ನಿನಗೆ ಗೊತ್ತಿಲ್ಲ. ಬೀದಿಯಲ್ಲಿ ಈಗ ಇಪ್ಪತ್ತು ಮನೆ ಎದ್ದಿವೆ, ಒಂದು ಮನೆಯವರೂ ನನ್ನ ಕೈಯ ನೀರು ಕುಡಿಯುವುದಿಲ್ಲ. ಗೌರಿ ಹಬ್ಬಕ್ಕೆ ಕರೆದರೆ ಬರುತ್ತಾರೆ, ಅರಿಶಿನ ಕುಂಕುಮ, ತೆಂಗಿನಕಾಯಿ ತೆಗೆದುಕೊಳ್ಳುತ್ತಾರೆ. ತಿಂಡಿಯ ತಟ್ಟೆ ಇಟ್ಟಲ್ಲೇ ಇರುತ್ತದೆ. ಎದುರುಮನೆ ಪಟಾಲಮ್ಮನವರು, "ಹೊಟ್ಟೆ ತುಂಬಿದೆ ಕಣಮ್ಮಾ" ಎಂದು ನಗುತ್ತಾ ಎದ್ದು ಹೋದರು. ನಮ್ಮವರು ಪಾಳಿ ಮುಗಿಸಿ ಬಂದು ಉಂಡು ಮಲಗುತ್ತಾರೆ. ಮಕ್ಕಳಿಲ್ಲದ ಮನೆ. ಕೆಲವು ದಿನ ಸಾಯಂಕಾಲದ ತನಕ ನನ್ನ ದನಿ ನನಗೇ ಕೇಳಿಸಿರುವುದಿಲ್ಲ ರಾಜಿ.

ಈ ಮೊಸರಿನ ಕೇಕು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ದಂಡು ಪ್ರದೇಶದಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆ ನರ್ಸಮ್ಮ ಕಲಿಸಿದ್ದು ಮೊಟ್ಟೆಯದೇ. ನೀವು ಹೋದ ಮೇಲೆ ಒಬ್ಬಳೇ ಕೂತು, ಕೆಡಿಸಿ ಕೆಡಿಸಿ ಇದನ್ನು ಕಂಡುಕೊಂಡೆ. ಮೊದಲನೆಯದನ್ನು ಕಾಗೆಯೂ ಮೂಸಲಿಲ್ಲ. ಏಳನೆಯದು ಸರಿಬಂತು. ಎಂದಾದರೂ ನೀನು ಬಾಗಿಲು ತಟ್ಟಿದರೆ ನಿನ್ನ ಮುಂದಿಡಲು ಏನಾದರೂ ಇರಲಿ ಎಂದು ಕಲಿತದ್ದು. ಏಳನೆಯದನ್ನೂ ನಾನೊಬ್ಬಳೇ ತಿಂದೆ.

ನೀನು ಕೇಳಿದ್ದು ಮಾಡುವ ಬಗೆಯನ್ನು ಮಾತ್ರ, ನನ್ನನ್ನು ಕರೆಯಲಿಲ್ಲ. ಕರೆದಿದ್ದರೆ ಮೊದಲನೆ ರೈಲಿಗೇ ಬಂದು ನಾನೇ ಒಲೆಯ ಮುಂದೆ ಕೂರುತ್ತಿದ್ದೆ. ಬಾ ಎಂದು ಒಂದು ಮಾತು ಬರೆ, ರಾಜಿ. ಕಾರ್ಡಿನಲ್ಲಿ ಜಾಗ ಇರುತ್ತದೆ.

ಅತ್ತೆಗೆ ನನ್ನ ನಮಸ್ಕಾರ ಹೇಳು.

ನೀನು ಬಯ್ದರೂ ನಿನ್ನವಳೇ ಆದ,
ಯಶೋದೆ

ತಾ. ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮೇಲಿನದನ್ನು ಸಿದ್ದಬಸಪ್ಪನವರು ಓದಲಿ ಎಂದೇ ಬರೆದದ್ದು. ಇದು ನಿನಗೊಬ್ಬಳಿಗೆ, ಓದಿ ಒಲೆಗೆ ಹಾಕು.

ನಾನು ನಿಮ್ಮತ್ತೆಗೆ ಮೋಸ ಮಾಡಲಿಲ್ಲ. ಮೊದಲನೆ ದಿನವೇ ಅವರು ಅಡಿಗೆಮನೆ ಬಾಗಿಲಲ್ಲಿ ನಿಂತು, ನಾನು ಮೊಟ್ಟೆ ಒಡೆಯುವುದನ್ನು ಕಣ್ಣಾರೆ ನೋಡಿದರು. ಇದು ನಿಮಗಾಗುವುದಿಲ್ಲ ಅಮ್ಮ ಎಂದೆ. ಅವರು ಚಾಪೆ ಎಳೆದುಕೊಂಡು ಕೂತರು. "ಹಲ್ಲಿಲ್ಲದ ಬಾಯಿ ಕಣೇ, ಏನೂ ಅಗಿಯಕ್ಕಾಗಲ್ಲ. ಮೊಟ್ಟೆ ಹಾಕಿದ್ಯಾ ಅಂತ ನಾನೂ ಕೇಳಲ್ಲ, ನೀನೂ ಹೇಳ್ಬೇಡ" ಎಂದರು. ಒಂದು ವರ್ಷ ತಿಂದರು. ಸೋಮವಾರ ಮಾತ್ರ ಮುಟ್ಟುತ್ತಿರಲಿಲ್ಲ.

ಆವತ್ತು ಮಗನ ಎದುರು ಎದೆ ಬಡಿದುಕೊಂಡರಲ್ಲ, ಬಲಗೈಯಲ್ಲಿ ಬಡಿದುಕೊಂಡರು. ಎಡಗೈ ಸೆರಗಿನೊಳಗಿತ್ತು, ಅದರಲ್ಲಿ ಇನ್ನೂ ಅರ್ಧ ತುಂಡು ಇತ್ತು. ನಾನು ನೋಡಿದೆ. ನಾನು ನೋಡಿದ್ದು ಅವರಿಗೂ ತಿಳಿಯಿತು. ಆ ವಯಸ್ಸಿನಲ್ಲಿ ಮಗನ ಮನೆಯಲ್ಲಿ ತಲೆಯೆತ್ತಿ ಬಾಳಬೇಕಲ್ಲ ಎಂದು ಬಾಯಿ ಮುಚ್ಚಿಕೊಂಡೆ. ನಿನ್ನನ್ನು ಕಳೆದುಕೊಳ್ಳುತ್ತೇನೆ ಎಂದು ಗೊತ್ತಿದ್ದರೆ ಮುಚ್ಚಿಕೊಳ್ಳುತ್ತಿದ್ದೆನೋ ಇಲ್ಲವೋ, ಹೇಳಲಾರೆ.

ಮೊಸರಿನ ಕೇಕು ಮಾಡಿ ಕೊಟ್ಟರೆ ಅವರು ಒಂದು ತುತ್ತು ತಿಂದು ಮುಖ ತಿರುಗಿಸುತ್ತಾರೆ. ಅವರು ಕೇಳುತ್ತಿರುವುದು ಅದನ್ನಲ್ಲ. ನಮ್ಮವರಿಗೆ ಈ ವಾರ ಎರಡನೆ ಪಾಳಿ. ಬೆಳಗಿನ ರೈಲಿಗೆ ಬಂದು, ನಿನ್ನ ಯಜಮಾನರು ಕಚೇರಿಗೆ ಹೋದ ಮೇಲೆ ಈ ಪತ್ರದ ಜೊತೆಗೆ ಒಂದು ಗಂಟು ಕೊಡುತ್ತಾರೆ. ಅದರೊಳಗಿನ ಡಬರಿಯಲ್ಲಿ ಕೇಕಿದೆ, ಮೂರು ಮೊಟ್ಟೆ ಹಾಕಿದ್ದೇನೆ. ನಿನಗೆ ಹೇಳಿಯೇ ಕಳಿಸಿದ್ದೇನೆ. ಕೊಡುವುದು ಬಿಡುವುದು ನಿನಗೆ ಸೇರಿದ್ದು. ಬೇಡವಾದರೆ ಅವರ ಕೈಲೇ ವಾಪಸು ಕಳಿಸು, ನನಗೇನೂ ಬೇಜಾರಿಲ್ಲ. ಸುಳ್ಳು, ಬೇಜಾರಾಗುತ್ತದೆ.

ಕೊಡುವುದಾದರೆ ಬಿಸಿ ಹಾಲಿನಲ್ಲಿ ನೆನೆಸಿ ಚಿಕ್ಕ ಚಮಚದಲ್ಲಿ ಕೊಡು. ಅವರು ಏನೂ ಕೇಳುವುದಿಲ್ಲ. ನೀನೂ ಹೇಳಬೇಡ.