ಮೊದಲ ನಂದು ಕೇಳ್ರಿ

ಭಾಂಡುಪ್, ಮುಂಬೈ
ಶುಕ್ರವಾರ, 14 ನವೆಂಬರ್ 2025

ಶ್ರಾವ್ಯಾಳ ಅಪ್ಪನವರಿಗೆ ಶರಣು.

ಹೇಗಿದ್ದೀರಿ? ಮಸ್ಕತ್ತಿನ ಬಿಸಿಲು ಈಗಲಾದರೂ ಇಳಿದಿರಬೇಕು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಸೈಟಿನ ಹುಡುಗರ ಮೇಲೆ ಕೂಗಾಡುತ್ತ ಮರೆತುಬಿಡುತ್ತೀರೋ? ಮರೆಪ್ಪ ರಜೆ ಮುಗಿಸಿ ನಿಮ್ಮ ಸೈಟಿಗೆ ವಾಪಸು ಬರುತ್ತಿದ್ದಾನೆ, ಅವನ ಕೈಯಲ್ಲಿ ಶೇಂಗಾ ಚಟ್ನಿ ಪುಡಿ ಕಳಿಸಿದ್ದೇನೆ. ಕಂಡವರಿಗೆಲ್ಲ ಹಂಚಿ ಖಾಲಿ ಮಾಡಬೇಡಿ. ಫೋನಿರುವಾಗ ಈ ಹೆಂಗಸು ಕಾಗದ ಯಾಕೆ ಬರೆದಳು ಎನ್ನುತ್ತೀರಿ. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನೀವು ಕಟ್ ಮಾಡುತ್ತೀರಿ. ಕಾಗದವನ್ನು ಹಾಗೆ ಮಾಡಲಾಗದು. ಕೂತು ಓದಿ.

ಈ ರವಿವಾರ ಶ್ರಾವ್ಯಾ ನಮ್ಮ ಸಂಘದ ವೇದಿಕೆ ಹತ್ತಿ, ತಾನು ಹಾಡಿದ ಹಾಡಿಗಾಗಿ ಕೈಮುಗಿದು ಕ್ಷಮೆ ಕೇಳುತ್ತಾಳೆ, ಮುಂದೆಂದೂ ಅದನ್ನು ಹಾಡುವುದಿಲ್ಲ ಎಂದು ನೀವು ಅಣವೀರಪ್ಪ ಕಾಕಾಗೆ ಮಾತು ಕೊಟ್ಟಿದ್ದೀರಿ. ಕಾಕಾ ಸಂಘದ ಅಧ್ಯಕ್ಷರು, ನಿಮಗೆ ಹಿರಿಯರು, ಎಲ್ಲ ಸರಿ. ಆದರೆ ಹಾಡನ್ನು ಅವರೂ ಪೂರ್ತಿ ಕೇಳಿಲ್ಲ, ನೀವೂ ಕೇಳಿಲ್ಲ. ಆದದ್ದಿಷ್ಟು. ನಮ್ಮ ಚಾಳಿನ ವಿನೋದಿನಿಯ ಮದುವೆಯಲ್ಲಿ ಹೆಂಗಸರು ಹೊಸಿಲ ಮುಂದೆ ಅವಳನ್ನು ತಡೆದು 'ಗಂಡನ ಹೆಸರು ಹೇಳಿ ಒಳಗ ಬಾ' ಅಂದರು. ಗಂಡನ ಹೆಸರನ್ನು ಬರಿದೇ ಹೇಳಬಾರದಲ್ಲ, ಎರಡು ಸಾಲಿನ ಒಡಪು ಕಟ್ಟಿ ಅದರಲ್ಲಿ ಸೇರಿಸಬೇಕು. ಆ ಹುಡುಗಿ ಶ್ರಾವ್ಯಾಳ ಹಾಡಿನ ಸಾಲು ಹೇಳಿ, 'ವಿನೋದಿನಿ!' ಎಂದು ತನ್ನ ಹೆಸರನ್ನೇ ಕೂಗಿಬಿಟ್ಟಳು. ಅವಳ ಅತ್ತೆ ನಕ್ಕು ಒಳಗೆ ಕರೆದುಕೊಂಡಳು. ಉರಿದದ್ದು ಕಾಕಾಗೆ. 'ನಿನ್ನ ಮಗಳು ಹುಡುಗ್ಯಾರನ್ನೆಲ್ಲ ಕೆಡಿಸ್ಯಾಳ' ಎಂದು ನಿಮಗೆ ಫೋನು ಹೋಯಿತು.

ನನಗೂ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಹೋದ ಶನಿವಾರ ಗ್ರಾಂಟ್ ರೋಡಿನಲ್ಲಿ ಅವರ ಬ್ಯಾಂಡಿನ ಕಾರ್ಯಕ್ರಮವಿತ್ತು. ಕಿವಿ ಹಿಡಿದು ಎಳೆದು ತರೋಣವೆಂದೇ ಲೋಕಲ್ ಹತ್ತಿದೆ. ಬ್ಯಾಂಡಿನ ಹೆಸರು 'ಖಡಿ', ಅದೇ ನಿಮ್ಮ ಸೈಟಿನ ಜಲ್ಲಿಕಲ್ಲು. ಫೋರ್ಟಿನ ಉಡುಪಿ ಹೋಟೆಲಿನವರ ಮಗಳು ಯಕ್ಷಿತಾ ಗಿಟಾರು, ಅಕ್ಷಯ ಎಂಬ ಹುಡುಗ ಡ್ರಮ್ಮು, ನಮ್ಮವಳದು ಗಂಟಲು. ಪಂಕ್ ರಾಕ್ ಎನ್ನುತ್ತಾರೆ. ಟಿವಿಯಲ್ಲಿ ಬರುವುದಿಲ್ಲ, ಪೇಪರಿನಲ್ಲಿ ಬರುವುದಿಲ್ಲ, ಮುಚ್ಚಿಹೋದ ಗೋಡೌನುಗಳಲ್ಲಿ ಹಾಡುತ್ತಾರೆ. ಆದರೂ ಪುಣೆ, ಬೆಳಗಾವಿಯ ಹುಡುಗಿಯರು ಇವರನ್ನು ನೋಡಿ ತಾವೂ ಬ್ಯಾಂಡ್ ಕಟ್ಟಿಕೊಂಡಿದ್ದಾರಂತೆ. ಶುರುವಾದಾಗ ಲಾರಿಯಿಂದ ಕಬ್ಬಿಣದ ಸಳಿ ಇಳಿಸಿದ ಹಾಗಾಯಿತು. ಅಯ್ಯ ಶಿವನೇ, ಎರಡೂ ಕಿವಿ ಮುಚ್ಚಿಕೊಂಡೆ. ಅಷ್ಟರಲ್ಲಿ ಇವಳು ಮೈಕು ಬಾಯಿಗಿಟ್ಟು ಕಿರುಚಿದಳು:

ಬುಟ್ಟಿ ತುಂಬ ಖಡಿ ಹೊತ್ತು ಮಾಳಿಗಿ ಮ್ಯಾಲೆ ಏರೀನ್ರಿ,
ಗಂಡನ ಹೆಸರು ಆಮ್ಯಾಲೆ ಹೇಳ್ತೀನಿ, ಮೊದಲ ನಂದು ಕೇಳ್ರಿ!

ಗಿಟಾರು, ಡ್ರಮ್ಮು ಎಲ್ಲ ಗಪ್ಪಾದವು. ಆಗ ಒಬ್ಬೊಬ್ಬ ಹುಡುಗಿಯೂ ತನ್ನ ಹೆಸರು ಕೂಗಿದಳು. ಮರಾಠಿಯವರು, ಬಿಹಾರದವರು, ಕನ್ನಡ ಒಂದಕ್ಷರ ಬಾರದವರು. ನನ್ನ ಪಕ್ಕದಲ್ಲಿದ್ದವಳು 'ಆಂಟಿ, ಆಪ್ ಭೀ ಬೋಲೋ' ಅಂದಳು. ನನ್ನ ಬಾಯಿಂದ ಹೆಸರೇ ಹೊರಡಲಿಲ್ಲ. ಇಷ್ಟು ವರ್ಷ ಮೇಸ್ತ್ರಿಯ ಹೆಂಡತಿ, ಶ್ರಾವ್ಯಾಳ ಅವ್ವ ಎಂದೇ ಕರೆಸಿಕೊಂಡು ಅದು ನಾಲಿಗೆಗೆ ತಿರುಗಲಿಲ್ಲ. ಅಳು ಬಂತು. ಅಷ್ಟು ಜನರ ನಡುವೆ ಗೋಡೆಗೆ ಮುಖ ಮಾಡಿ ಅತ್ತೆ.

ನೋಡಿ, ಆ ಹಾಡಿನಲ್ಲಿ ಗಂಡನನ್ನು ಬೈದಿಲ್ಲ. ಅವನ ಹೆಸರು ಆಮೇಲೆ ಹೇಳುತ್ತೇನೆ ಎಂದಿದೆ, ಹೇಳುವುದೇ ಇಲ್ಲ ಎಂದಿಲ್ಲ. ತಪ್ಪು ಮಾಡದ ಮಗಳು ಕೈಮುಗಿದರೆ ನಾಳೆ ಯಾರ ಮುಂದೆ ತಲೆಯೆತ್ತುತ್ತಾಳೆ? ಮಾತು ಕೊಟ್ಟವರು ನೀವು, ಅವಳಲ್ಲ. ಶ್ರಾವ್ಯಾ ರವಿವಾರ ಸಂಘಕ್ಕೆ ಬರುವುದಿಲ್ಲ. ಕಾಕಾಗೂ ಇದನ್ನೇ ಹೇಳಿ ಬಂದಿದ್ದೇನೆ. 'ಗಂಡ ಊರಾಗ ಇಲ್ಲಂತ ಬಾಯಿ ಬಂದದ ನಿನಗ' ಅಂದರು. ಹೌದ್ರೀ, ಬಂದದ ಅಂದೆ.

ಸಿಟ್ಟು ಬಂದರೆ ಬರಲಿ, ಆದರೆ ಊಟ ಬಿಡಬೇಡಿ. ಬಸವಣ್ಣ ನಿಮ್ಮ ಮೈಯನ್ನೂ ಮನಸ್ಸನ್ನೂ ತಂಪಾಗಿಡಲಿ. ಮಗಳು ನಮಸ್ಕಾರ ತಿಳಿಸಿದ್ದಾಳೆ.

ನಿಮ್ಮ
ಮಹಾದೇವಿ

ತಾ.ಕ.: ಮರೆಪ್ಪ ವಿಮಾನಕ್ಕೆ ಹೊತ್ತಾಯಿತೆಂದು ಬಾಗಿಲಲ್ಲೇ ಕುಣಿಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ಎರಡು ಸಾಲು ಶ್ರಾವ್ಯಾ ಕಟ್ಟಿದ್ದೆಂದು ನೀವೆಲ್ಲ ನಂಬಿದ್ದೀರಿ. ಜೋಳದ ಹಿಟ್ಟು ಕೇಳಲೂ ಹಿಂದಿ ಬೇಕಾಗುವ ಹುಡುಗಿಗೆ ಒಡಪು ಎಲ್ಲಿಂದ ಬರಬೇಕು? ಕಟ್ಟಿದ್ದು ನಾನು. ಇವಳನ್ನು ಸೀರೆಯ ಜೋಳಿಗೆಯಲ್ಲಿ ಮಲಗಿಸಿ ಖಡಿ ಹೊರುತ್ತಿದ್ದ ದಿನಗಳಲ್ಲಿ. ನೀವು ಸ್ಲ್ಯಾಬಿನ ಮೇಲಿಂದ 'ಏನ್ರೇ ಅಷ್ಟು ನಗಾಕತ್ತೀರಿ' ಎಂದು ಕೇಳುತ್ತಿದ್ದಿರಲ್ಲ, ಅದು ಇದಕ್ಕೇ. ಇವಳನ್ನು ತೂಗುವಾಗಲೂ ಅದನ್ನೇ ಹಾಡುತ್ತಿದ್ದೆ. ರವಿವಾರ ಆ ವೇದಿಕೆಯನ್ನು ನಾನು ಹತ್ತುತ್ತೇನೆ, ಕೈಮುಗಿಯಲಿಕ್ಕಲ್ಲ, ಹಾಡಲಿಕ್ಕೆ. ನನ್ನ ಹೆಸರು ಕೂಗಿ ಹೇಳುತ್ತೇನೆ. ಅದಾದ ಮೇಲೆ ನಿಮ್ಮದೂ, ಯಾವ ಒಡಪೂ ಇಲ್ಲದೆ, ಹೀಗೆ: ಗುರುಪಾದ.